ಕಡಲ ಮೇಲೆ ಕಪ್ಪು ಕಲೆ: ರಾಡಾರ್ ಉಪಗ್ರಹಕ್ಕೆ ಎಣ್ಣೆ ಕಾಣುವುದು ಹೇಗೆ?

2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಎದುರಿಗಿರುವ ಆಯ್‌ಸ್ಟರ್ ರಾಕ್ಸ್ ಬಂಡೆಗಳಿಗೆ ಬಡಿದು ಸಿಕ್ಕಿಹಾಕಿಕೊಂಡಿತು. ಮುಂಗಾರಿನ ದಿನಗಳು, ಕಡಲು ಕೆರಳಿತ್ತು. ಹಡಗು ಒಡೆದು ಸುಮಾರು 650 ಟನ್ ಎಣ್ಣೆ ನೀರಿಗೆ ಸೇರಿತು. ಆ ಎಣ್ಣೆ ಕಾರವಾರದ ಆಸುಪಾಸಿನಲ್ಲೇ ನಿಲ್ಲಲಿಲ್ಲ, ಉತ್ತರಕ್ಕೆ ದಕ್ಷಿಣ ಗೋವಾದ ಬೀಚುಗಳವರೆಗೂ ಹೋಗಿ ಬಡಿಯಿತು. ಈ ಸಂಚಿಕೆ ಓದುತ್ತಿರುವ ಬಹಳ ಜನ ಆಗ ಒಂದೋ ಹುಟ್ಟಿರಲಿಲ್ಲ, ಇಲ್ಲಾ ತೊಟ್ಟಿಲಲ್ಲಿದ್ದರು. ಅದಕ್ಕೇ ಈ ಘಟನೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಆಮೇಲಿನವು ಗೊತ್ತಿರಬಹುದು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತು ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಮಂಗಳೂರಿನ ಉಳ್ಳಾಲದ ಹತ್ತಿರ ಮುಳುಗಿತು. ಅದರ ಟ್ಯಾಂಕಿನಲ್ಲಿ ಸುಮಾರು 220 ಟನ್ ಇಂಧನ ಇದೆ ಎಂಬ ಸುದ್ದಿ ಬಂದಾಗ ಇಡೀ ಉಳ್ಳಾಲ ಕಡಲ ಕಡೆ ಮುಖ ಮಾಡಿ ಕೂತಿತ್ತು. 2025ರ ಮೇ 24ರಂದು ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ‘ಎಂಎಸ್‌ಸಿ ಎಲ್ಸಾ 3’ ವಾಲಿತು, ಮರುದಿನ ಮುಳುಗಿತು. ಅದರಲ್ಲಿ 640 ಕಂಟೇನರುಗಳು, 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್. ಇನ್ನೂ ಎರಡು ವಾರ ಕಳೆದು, ಜೂನ್ 9ರಂದು, ಕೇರಳದ ಆಚೆಯ ಕಡಲಲ್ಲಿ ‘ವಾನ್ ಹೈ 503’ ಹೊತ್ತಿ ಉರಿಯಿತು. ಅದರಿಂದ ಪಾರಾದ 18 ಮಂದಿಯನ್ನು ನೌಕಾಪಡೆಯ ಹಡಗು ತಂದಿಳಿಸಿದ್ದು ನಮ್ಮ ಮಂಗಳೂರಿಗೇ.

ತಿಂಗಳುಗಳನ್ನು ಗಮನಿಸಿದಿರಾ? ಮೇ ಕೊನೆ, ಜೂನ್, ಮತ್ತೆ ಮೇ ಕೊನೆ, ಮತ್ತೆ ಜೂನ್. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಅವಘಡವಾದಾಗ ಕೋಸ್ಟ್ ಗಾರ್ಡ್‌ನವರ ಮುಂದಿರುವ ಪ್ರಶ್ನೆ ತೀರಾ ಸರಳ: ಎಣ್ಣೆ ಎಲ್ಲಿದೆ, ಯಾವ ಕಡೆ ಹೊರಟಿದೆ? ಎಣ್ಣೆಯ ಪದರ ಪ್ರವಾಹದ ಜೊತೆ ಸಾಗುತ್ತದೆ, ಜೊತೆಗೆ ಗಾಳಿಯ ವೇಗದ ಸುಮಾರು ಶೇ. 3ರಷ್ಟು ವೇಗದಲ್ಲಿ ಗಾಳಿ ಬೀಸುವ ದಿಕ್ಕಿಗೂ ಜಾರುತ್ತದೆ. ಸೆಕೆಂಡಿಗೆ 10 ಮೀಟರ್ ಗಾಳಿ ಇದ್ದರೆ ಎಣ್ಣೆಯ ಪಾಲಿಗೆ 0.3 ಮೀಟರ್. ಕಡಿಮೆ ಅನ್ನಿಸುತ್ತದೆ ಅಲ್ವಾ? ದಿನಕ್ಕೆ ಲೆಕ್ಕ ಹಾಕಿ: ಹತ್ತಿರ ಹತ್ತಿರ 26 ಕಿಲೋಮೀಟರ್. ಇವತ್ತು ಬೆಳಿಗ್ಗೆ ದೂರದಲ್ಲಿ ಕಂಡ ಎಣ್ಣೆ ನಾಳೆ ಬೆಳಿಗ್ಗೆ ಮೀನುಗಾರರ ಬಲೆಯಲ್ಲಿರಬಹುದು. ತೇಲುವ ತಡೆಬೇಲಿ ಎಲ್ಲಿ ಹಾಕಬೇಕು, ಯಾವ ಅಳಿವೆಯ ಬಾಯಿಗೆ ಮೊದಲು ಹೋಗಬೇಕು ಅನ್ನುವುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಲೆಕ್ಕ ಶುರು ಮಾಡಲು ಎಣ್ಣೆ ಈಗ ಎಲ್ಲಿದೆ ಅನ್ನುವುದು ಗೊತ್ತಿರಬೇಕು.

ವಿಮಾನ ಕಳಿಸಬಹುದು, ಕಳಿಸುತ್ತಾರೆ ಕೂಡ. ಕೋಸ್ಟ್ ಗಾರ್ಡ್‌ನ ಡಾರ್ನಿಯರ್ ವಿಮಾನಗಳು ಎಲ್ಸಾ 3 ಮುಳುಗಿದಾಗಲೂ ಹಾರಿದ್ದವು. ಆದರೆ ವಿಮಾನ ಒಂದು ಸಲಕ್ಕೆ ನೋಡುವ ಜಾಗ ಕಡಿಮೆ, ಹವಾಮಾನ ಕೆಟ್ಟರೆ ಅದೂ ಇಲ್ಲ. ಉಪಗ್ರಹದ ಮಾಮೂಲಿ ಕ್ಯಾಮೆರಾ ಇದೆಯಲ್ಲ ಎಂದರೆ, ಅದಕ್ಕೆ ಬೆಳಕು ಬೇಕು, ಮೋಡ ಇರಬಾರದು. ಜೂನ್ ತಿಂಗಳ ಅರಬ್ಬಿ ಸಮುದ್ರದ ಮೇಲೆ ಮೋಡ ಇಲ್ಲದ ದಿನ ಹುಡುಕುವುದೂ ಒಂದೇ, ಆಗುಂಬೆಯಲ್ಲಿ ಆಷಾಢದಲ್ಲಿ ಬಟ್ಟೆ ಒಣಗಿಸುವುದೂ ಒಂದೇ.

ಹಾಗಾಗಿ ರಾಡಾರ್.

ದೊಡ್ಡ ಆ್ಯಂಟೆನಾ, ಆದರೆ ಕಾಗದದ ಮೇಲೆ

ಯುರೋಪಿನ ಸೆಂಟಿನೆಲ್-1 ಉಪಗ್ರಹವನ್ನು ಉದಾಹರಣೆಗೆ ತೆಗೆದುಕೊಳ್ಳೋಣ, ಅದರ ಚಿತ್ರಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ ಅನ್ನುವ ಒಂದೇ ಕಾರಣಕ್ಕೆ. ಸುಮಾರು 693 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಇದು ಓರೆಯಾಗಿ ಕೆಳಕ್ಕೆ ಮೈಕ್ರೋವೇವ್ ಸ್ಪಂದಗಳನ್ನು ಕಳಿಸುತ್ತದೆ. ನೆಲ ಅಥವಾ ನೀರಿನಿಂದ ಮರಳಿ ಬಂದ ಪ್ರತಿಧ್ವನಿಯನ್ನು ಹಿಡಿಯುತ್ತದೆ. ತನ್ನ ಟಾರ್ಚನ್ನು ತಾನೇ ಹೊತ್ತು ಓಡಾಡುವುದರಿಂದ ಹಗಲೂ ಒಂದೇ, ರಾತ್ರಿಯೂ ಒಂದೇ. ತರಂಗದೂರ ಸುಮಾರು 5.5 ಸೆಂಟಿಮೀಟರ್ ಇರುವುದರಿಂದ ಮೋಡದ ಸಣ್ಣ ಹನಿಗಳು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇಲ್ಲಿ ಒಂದು ತೊಡಕಿದೆ. ಇದರ ಆ್ಯಂಟೆನಾ 12.3 ಮೀಟರ್ ಉದ್ದ. ಕಿರಣದ ಅಗಲ ಅಂದರೆ ತರಂಗದೂರವನ್ನು ಆ್ಯಂಟೆನಾದ ಉದ್ದದಿಂದ ಭಾಗಿಸಿದಷ್ಟು ಕೋನ ಅನ್ನುವುದು ನಮ್ಮ ಆ್ಯಂಟೆನಾ ಪೇಪರಿನಲ್ಲೇ ಬರುತ್ತದೆ. ಓರೆ ದೂರ 850 ಕಿಲೋಮೀಟರ್ ಎಂದಿಟ್ಟುಕೊಂಡರೆ ಕೆಳಗೆ ಬೀಳುವ ಕಿರಣದ ಅಗಲ ಸುಮಾರು 3.8 ಕಿಲೋಮೀಟರ್. ಅದರೊಳಗೆ ಏನಿದ್ದರೂ ಒಂದೇ ಮುದ್ದೆ. 20 ಮೀಟರ್‌ನಷ್ಟು ಸಣ್ಣದನ್ನು ಬೇರೆ ಮಾಡಿ ನೋಡಬೇಕೆಂದರೆ ಎರಡು ಕಿಲೋಮೀಟರಿಗಿಂತ ಉದ್ದದ ಆ್ಯಂಟೆನಾ ಬೇಕು. ಅದನ್ನು ಯಾವ ರಾಕೆಟ್ಟೂ ಹೊರುವುದಿಲ್ಲ.

ಉಪಾಯ ಏನೆಂದರೆ, ಉಪಗ್ರಹ ಹೇಗೂ ಓಡುತ್ತಲೇ ಇದೆ. ದಾರಿಯುದ್ದಕ್ಕೂ ಸಾವಿರಾರು ಸ್ಪಂದ ಕಳಿಸಿ, ಪ್ರತಿ ಪ್ರತಿಧ್ವನಿಯ ಬಲವನ್ನಷ್ಟೇ ಅಲ್ಲದೆ ಅದರ ಫೇಸನ್ನೂ ಬರೆದಿಟ್ಟುಕೊಂಡರೆ, ಆಮೇಲೆ ಕಂಪ್ಯೂಟರಿನಲ್ಲಿ ಇವನ್ನೆಲ್ಲ ಸೇರಿಸಿ ಒಂದು ಉದ್ದನೆಯ ಆ್ಯಂಟೆನಾ ಇದ್ದಂತೆಯೇ ಲೆಕ್ಕ ಮಾಡಬಹುದು. ಇದೇ ಸಿಂಥೆಟಿಕ್ ಅಪರ್ಚರ್ ರಾಡಾರ್, ಚುಟುಕಾಗಿ ‘ಸಾರ್’. (ತಿಳಿಸಾರಿಗೂ ಇದಕ್ಕೂ ಸಂಬಂಧ ಇಲ್ಲ.) ಕಡಲನ್ನು ನೋಡಲೆಂದೇ ಇಂಥ ರಾಡಾರ್ ಹೊತ್ತು 1978ರಲ್ಲಿ ಹಾರಿದ ಅಮೆರಿಕದ ಸೀಸ್ಯಾಟ್ ನೂರು ದಿನ ದಾಟಿದ ಸ್ವಲ್ಪದಲ್ಲೇ ಕೆಟ್ಟುಹೋಯಿತು. ಅಷ್ಟರಲ್ಲಿ ಅದು ಕೊಟ್ಟ ಚಿತ್ರಗಳನ್ನು ಮುಂದೆ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಸಾರ್‌ನ ಗಣಿತವನ್ನು ಇಲ್ಲಿಗೇ ಬಿಡುತ್ತೇವೆ. ನಮಗೆ ಬೇಕಾದ ವಿಷಯ ಇರುವುದು ನೀರಿನ ಮೇಲೆ.

ನೀರಿನ ಮೇಲಿನ ಸುಕ್ಕು

ಒಂದು ತಪ್ಪು ಕಲ್ಪನೆ ಮೊದಲು ಹೋಗಲಿ. ರಾಡಾರ್ ಎಣ್ಣೆಯನ್ನು ನೋಡುವುದೇ ಇಲ್ಲ. ಎಣ್ಣೆಯ ಬಣ್ಣ, ವಾಸನೆ, ರಾಸಾಯನಿಕ ಗುಣ ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಅದು ನೋಡುವುದು ನೀರಿನ ಒರಟುತನವನ್ನು.

ಪೂರ್ತಿ ನಯವಾದ ನೀರು ಕನ್ನಡಿಯಿದ್ದಂತೆ. ಓರೆಯಾಗಿ ಬಂದ ಕಿರಣ ಅಷ್ಟೇ ಓರೆಯಾಗಿ ಆಚೆ ಹೋಗುತ್ತದೆ, ಉಪಗ್ರಹದ ಕಡೆ ತಿರುಗಿ ಬರುವುದೇ ಇಲ್ಲ. ಚಿತ್ರದಲ್ಲಿ ಆ ಜಾಗ ಕಪ್ಪು. ಆದರೆ ಕಡಲು ಯಾವತ್ತೂ ಅಷ್ಟು ನಯವಾಗಿರುವುದಿಲ್ಲ. ಸ್ವಲ್ಪ ಗಾಳಿ ಆಡಿದರೂ ದೊಡ್ಡ ಅಲೆಗಳ ಬೆನ್ನ ಮೇಲೆ ಬೆರಳುದ್ದದ ಸಣ್ಣ ಸುಕ್ಕುಗಳು ಏಳುತ್ತವೆ. ಕೆರೆಯ ಮೇಲೆ ತಂಗಾಳಿ ಹಾದುಹೋದಾಗ ನೀರಿನ ಮೈ ಜುಮ್ಮೆನ್ನುವುದನ್ನು ನೋಡಿದ್ದೀರಲ್ಲ, ಅದೇ. ರಾಡಾರಿಗೆ ಉತ್ತರ ಕೊಡುವುದು ಈ ಸುಕ್ಕುಗಳು, ಬೀಚಿನಲ್ಲಿ ನಮ್ಮನ್ನು ಬೀಳಿಸುವ ದೊಡ್ಡ ಅಲೆಗಳಲ್ಲ.

ಅದರಲ್ಲೂ ಎಲ್ಲ ಸುಕ್ಕುಗಳೂ ಅಲ್ಲ. ಒಂದು ಸುಕ್ಕಿನಿಂದ ಮರಳಿದ ತರಂಗ ಮತ್ತು ಪಕ್ಕದ ಸುಕ್ಕಿನಿಂದ ಮರಳಿದ ತರಂಗ ಸರಿಯಾಗಿ ಹೆಜ್ಜೆ ಹೊಂದಿಸಿಕೊಂಡು ಬಂದರೆ ಮಾತ್ರ ಒಟ್ಟು ಪ್ರತಿಧ್ವನಿ ಜೋರಾಗುತ್ತದೆ. ಪಿಯುಸಿಯಲ್ಲಿ ಹರಳುಗಳ ಮೇಲೆ ಎಕ್ಸ್-ರೇ ಬೀಳಿಸಿ ಓದಿದ ಬ್ರ್ಯಾಗ್ ನಿಯಮ ಇಲ್ಲಿ ಕಡಲ ಮೇಲೆ ಬಂದು ಕೂತಿದೆ. ರಾಡಾರಿನ ತರಂಗದೂರವನ್ನು, ಕಿರಣ ಬೀಳುವ ಕೋನದ ಸೈನ್‌ನ ಎರಡರಷ್ಟರಿಂದ ಭಾಗಿಸಿದರೆ ಯಾವ ಉದ್ದದ ಸುಕ್ಕು ಉತ್ತರ ಕೊಡುತ್ತದೆ ಅನ್ನುವುದು ಸಿಗುತ್ತದೆ. 5.55 ಸೆಂಟಿಮೀಟರ್ ತರಂಗ, 35 ಡಿಗ್ರಿ ಕೋನ ಹಾಕಿ ನೋಡಿ: 4.8 ಸೆಂಟಿಮೀಟರ್. ಅಂದರೆ 700 ಕಿಲೋಮೀಟರ್ ಮೇಲಿರುವ ಯಂತ್ರ ನೋಡುತ್ತಿರುವುದು ನಮ್ಮ ಹೆಬ್ಬೆರಳಿನಷ್ಟು ಉದ್ದದ ಅಲೆಗಳನ್ನು. ಈ ವಿಷಯ ಮೊದಲ ಸಲ ಓದಿದಾಗ ನಮಗೆ ನಂಬಲಿಕ್ಕೇ ಆಗಿರಲಿಲ್ಲ.

ಈಗ ಎಣ್ಣೆ ಬರಲಿ.

ಎಣ್ಣೆ ಸುರಿದರೆ ಅಲೆ ಅಡಗುತ್ತದೆ ಅನ್ನುವುದು ನಾವಿಕರಿಗೆ ಬಹಳ ಹಳೆಯ ಕಾಲದಿಂದ ಗೊತ್ತು. ಇದನ್ನು ಪರೀಕ್ಷೆ ಮಾಡಿ ಬರೆದವನು ಬೆಂಜಮಿನ್ ಫ್ರಾಂಕ್ಲಿನ್, ಗಾಳಿಪಟ ಹಾರಿಸಿ ಸಿಡಿಲಿನ ಜೊತೆ ಆಟವಾಡಿದನಲ್ಲ, ಅವನೇ. ಲಂಡನ್ನಿನ ಕ್ಲಾಪಮ್ ಎಂಬಲ್ಲಿಯ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಹಾಕಿದಾಗ ಸುಮಾರು ಅರ್ಧ ಎಕರೆ ನೀರು ಕನ್ನಡಿಯಂತೆ ಶಾಂತವಾಯಿತು ಎಂದು 1774ರಲ್ಲಿ ಪ್ರಕಟವಾದ ಬರಹದಲ್ಲಿ ಅವನು ಹೇಳುತ್ತಾನೆ. ಒಂದು ಚಮಚ 5 ಮಿಲಿಲೀಟರ್, ಅರ್ಧ ಎಕರೆ 2000 ಚದರ ಮೀಟರ್. ಭಾಗಿಸಿ. ಪದರದ ದಪ್ಪ 2.5 ನ್ಯಾನೋಮೀಟರ್ ಬರುತ್ತದೆ, ಹೆಚ್ಚುಕಡಿಮೆ ಒಂದೇ ಅಣುವಿನ ಎತ್ತರ! ಈ ಭಾಗಾಕಾರವನ್ನು ಫ್ರಾಂಕ್ಲಿನ್ ಮಾಡಲಿಲ್ಲ. ಮಾಡಿದ್ದರೆ ಅಣುವಿನ ಗಾತ್ರ ನೂರು ವರ್ಷ ಮುಂಚೆಯೇ ಸಿಗುತ್ತಿತ್ತು.

ಇಷ್ಟು ತೆಳುವಾದ ಪೊರೆ ಅಲೆಯನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ? ಭಾರದಿಂದಲ್ಲ ಅನ್ನುವುದಂತೂ ಖಚಿತ. ಅಲೆ ಸಾಗುವಾಗ ನೀರಿನ ಮೇಲ್ಮೈ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಹಿಗ್ಗಿದ ಕಡೆ ಎಣ್ಣೆಯ ಪೊರೆ ತೆಳುವಾಗಿ ಮೇಲ್ಮೈ ಎಳೆತ ಹೆಚ್ಚಾಗುತ್ತದೆ. ಕುಗ್ಗಿದ ಕಡೆ ಪೊರೆ ದಟ್ಟವಾಗಿ ಎಳೆತ ಕಡಿಮೆಯಾಗುತ್ತದೆ. ಹೆಚ್ಚು ಎಳೆತದ ಕಡೆ ಕಡಿಮೆ ಎಳೆತದ ಕಡೆಯ ಮೇಲ್ಮೈಯನ್ನು ತನ್ನತ್ತ ಜಗ್ಗುತ್ತದೆ. ಬಟ್ಟೆಗೆ ಎಲಾಸ್ಟಿಕ್ ಹೊಲಿದಂತೆ ನೀರಿನ ಮೈಗೆ ಒಂದು ಬಿಗಿತ ಬಂದುಬಿಡುತ್ತದೆ. ಈ ಜಗ್ಗಾಟದಲ್ಲಿ ಮೇಲ್ಮೈಯ ಕೆಳಗಿನ ತೆಳು ಪದರದ ನೀರು ಉಜ್ಜಾಡಿ, ಅಲೆಯ ಶಕ್ತಿ ಸ್ನಿಗ್ಧತೆಯ ಮೂಲಕ ಶಾಖವಾಗಿ ಕರಗಿಹೋಗುತ್ತದೆ. ಇದಕ್ಕೆ ಮರಂಗೋನಿ ಪರಿಣಾಮ ಅಂತ ಹೆಸರು. ಉದ್ದನೆಯ ಅಲೆಗಳಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಸೆಂಟಿಮೀಟರ್‌ಗಳಷ್ಟು ಉದ್ದದ ಸುಕ್ಕುಗಳು ಮಾತ್ರ ಸತ್ತೇ ಹೋಗುತ್ತವೆ. ರಾಡಾರ್ ನೋಡುವುದೂ ಅವನ್ನೇ! ಪ್ರಕೃತಿ ಇಂಥ ಹೊಂದಾಣಿಕೆಯನ್ನು ಅಪರೂಪಕ್ಕೆ ಮಾಡಿಕೊಡುತ್ತದೆ.

ಮೇಲ್ಮೈ ಪೊರೆಗಳ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಜರ್ಮನಿಯ ಆಗ್ನೆಸ್ ಪೋಕಲ್ಸ್ ಒಬ್ಬರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈಕೆ ಮನೆಯ ಅಡುಗೆಕೋಣೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡು ಕೊಳೆಯಾದ ನೀರಿನ ಮೇಲ್ಮೈ ಎಳೆತ ಅಳೆದರು. ಆ ಅಳತೆಗಳನ್ನು ಪತ್ರ ಬರೆದು ಲಾರ್ಡ್ ರೇಲಿಗೆ ಕಳಿಸಿದರು. ರೇಲಿ ಅದನ್ನು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ನೋಡಿಕೊಂಡರು. ಲ್ಯಾಬಿನಲ್ಲಿ ಉಪಕರಣ ಇಲ್ಲ ಅಂತ ನಾವು ದೂರುವಾಗಲೆಲ್ಲ ಈಕೆಯ ನೆನಪಾಗುತ್ತದೆ.

ಒಟ್ಟಿನಲ್ಲಿ ಸುಕ್ಕಿರುವ ಕಡಲು ಬೂದು, ಎಣ್ಣೆ ಬಿದ್ದ ಜಾಗ ಕಪ್ಪು, ಹಡಗು ಒಂದು ಹೊಳೆಯುವ ಚುಕ್ಕೆ. ಸಾಗುತ್ತಾ ಎಣ್ಣೆ ಬಿಟ್ಟ ಹಡಗಾದರೆ ಆ ಹೊಳೆಯುವ ಚುಕ್ಕೆಯ ಹಿಂದೆ ಕಪ್ಪು ದಾರದಂಥ ಬಾಲ.

ಕಪ್ಪೆಲ್ಲ ಎಣ್ಣೆಯಲ್ಲ

ಇಷ್ಟೇ ಆಗಿದ್ದರೆ ಎರಡನೇ ಸೆಮಿಸ್ಟರಿನ ಹುಡುಗರೂ ಒಂದು ಸಂಜೆಯಲ್ಲಿ ಪ್ರೋಗ್ರಾಂ ಬರೆದು ಮುಗಿಸುತ್ತಿದ್ದರು: ಕಪ್ಪು ಕಂಡರೆ ಗಂಟೆ ಬಾರಿಸು. ತೊಂದರೆ ಏನೆಂದರೆ ಸುಕ್ಕು ಇಲ್ಲದಿರುವುದಕ್ಕೆ ಎಣ್ಣೆಯೊಂದೇ ಕಾರಣವಲ್ಲ. ಗಾಳಿ ಬಿದ್ದುಹೋದರೆ ಇಡೀ ಕಡಲೇ ಕಪ್ಪು. ದ್ವೀಪ ಅಥವಾ ಗುಡ್ಡದ ಮರೆಯಲ್ಲಿ ಗಾಳಿ ತಾಗದ ಜಾಗ ಕಪ್ಪು. ಜೋರು ಮಳೆ ಬಿದ್ದ ಕಡೆ ವಿಚಿತ್ರ ಮಚ್ಚೆಗಳು. ಕಡಲಾಳದ ಒಳ ಅಲೆಗಳು ಮೇಲ್ಗಡೆ ಕಪ್ಪು-ಬಿಳುಪು ಪಟ್ಟೆ ಮೂಡಿಸುತ್ತವೆ. ಇದೆಲ್ಲಕ್ಕಿಂತ ಕಾಡುವುದು ಜೀವಿಗಳ ಜಿಡ್ಡು. ಪಾಚಿಯಂಥ ಸೂಕ್ಷ್ಮಜೀವಿಗಳು ಮತ್ತು ಮೀನುಗಳಿಂದ ಬರುವ ಕೊಬ್ಬಿನಂಶ ಫ್ರಾಂಕ್ಲಿನ್ನನ ಎಣ್ಣೆಯ ಹಾಗೆಯೇ ಒಂದೇ ಅಣುವಿನಷ್ಟು ತೆಳುವಾಗಿ ಹರಡಿ ಸುಕ್ಕುಗಳನ್ನು ಅಡಗಿಸುತ್ತದೆ. ರಾಡಾರಿಗೆ ಎರಡೂ ಒಂದೇ ಕಪ್ಪು.

ಹಾಗಾಗಿ ಆಕಾರ ನೋಡಬೇಕು, ಅಂಚು ನೋಡಬೇಕು, ಹತ್ತಿರದಲ್ಲಿ ಹಡಗಿದೆಯಾ, ತೈಲಬಾವಿ ಇದೆಯಾ, ಆ ಹೊತ್ತಿನ ಗಾಳಿ ಎಷ್ಟಿತ್ತು ಎಂದೆಲ್ಲ ನೋಡಬೇಕು. ಹಡಗು ಬಿಟ್ಟ ಎಣ್ಣೆ ಸಾಮಾನ್ಯವಾಗಿ ನೀಳ, ಅಂಚು ಚೂಪು. ಹಳತಾದಂತೆ ಒಂದು ಅಂಚು ಚೂಪಾಗಿಯೇ ಉಳಿದು ಇನ್ನೊಂದು ಅಂಚು ಗರಿಯಂತೆ ಕೆದರುತ್ತದೆ. ಜೀವಿಗಳ ಜಿಡ್ಡು ಸುಳಿಗಳ ಜೊತೆ ಸುರುಳಿ ಸುತ್ತಿಕೊಂಡಿರುತ್ತದೆ. ಗಾಳಿ ಬಿದ್ದ ಜಾಗಕ್ಕೆ ಅಂಚೇ ಇರುವುದಿಲ್ಲ, ಮಸಿ ಒರೆಸಿದಂತೆ. ಈಗ ನ್ಯೂರಲ್ ನೆಟ್‌ವರ್ಕುಗಳು ಈ ಕೆಲಸ ಮಾಡುತ್ತವೆ, ಚೆನ್ನಾಗಿಯೇ ಮಾಡುತ್ತವೆ. ಆದರೂ ಕೊನೆಯ ಮಾತು ಅನುಭವಸ್ಥರ ಕಣ್ಣಿನದೇ ಆಗಿರಬೇಕು ಅನ್ನುವುದು ನಮ್ಮ ಅಭಿಪ್ರಾಯ. ತಪ್ಪು ಗಂಟೆ ನಾಲ್ಕು ಸಲ ಬಾರಿಸಿದರೆ ಐದನೇ ಸಲ ಹಡಗು ಹೊರಡುವುದಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು: ದಪ್ಪ. ಎಣ್ಣೆಯ ಪದರ 0.1 ಮೈಕ್ರೋಮೀಟರ್ ಇದ್ದರೆ ಬೆಳ್ಳಿಯಂತೆ ತೆಳುವಾಗಿ ಮಿನುಗುತ್ತದೆ. ಒಂದು ಚದರ ಕಿಲೋಮೀಟರಿನಲ್ಲಿ ಅಂಥದ್ದು ಇರುವುದು 100 ಲೀಟರ್, ಅರ್ಧ ಡ್ರಮ್ಮು. 200 ಮೈಕ್ರೋಮೀಟರ್ ದಪ್ಪದ ಕಪ್ಪು ಎಣ್ಣೆಯಾದರೆ ಅದೇ ಜಾಗದಲ್ಲಿ 2 ಲಕ್ಷ ಲೀಟರ್. ಸಾಮಾನ್ಯ ರಾಡಾರ್ ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಅಷ್ಟೇ ಕಪ್ಪಾಗಿ ಕಾಣಬಹುದು, ಏಕೆಂದರೆ ಎರಡೂ ಕಡೆ ಪ್ರತಿಧ್ವನಿ ಯಂತ್ರದ ಸ್ವಂತ ಗದ್ದಲದ ಮಟ್ಟಕ್ಕೆ ಇಳಿದಿರುತ್ತದೆ. ಟಿವಿಯಲ್ಲಿ ‘ಇಷ್ಟು ಚದರ ಕಿಲೋಮೀಟರ್ ಎಣ್ಣೆ’ ಎಂದು ಕೆಂಪಕ್ಷರದಲ್ಲಿ ಬಂದಾಗ ಇದನ್ನು ನೆನೆಸಿಕೊಳ್ಳಿ. ಅದು ವಿಸ್ತೀರ್ಣ, ಪ್ರಮಾಣವಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಸ್ಫೋಟವಾಗಿ 87 ದಿನ ಎಣ್ಣೆ ಉಕ್ಕಿದಾಗ ನಾಸಾ ತನ್ನ ವಿಮಾನದಲ್ಲಿ ಹೆಚ್ಚು ತರಂಗದೂರದ, ಗದ್ದಲ ಬಹಳ ಕಡಿಮೆಯಿರುವ ರಾಡಾರ್ ಹಾರಿಸಿತು. ದಪ್ಪ ಎಣ್ಣೆ ಮತ್ತು ತೆಳು ಮಿನುಗನ್ನು ಬೇರೆ ಮಾಡುವ ದಾರಿ ಇದೆ ಎಂದು ಅದರಿಂದ ಗೊತ್ತಾಯಿತು. ಉಪಗ್ರಹದಿಂದ ಅದನ್ನೇ ಮಾಡುವುದು ಇನ್ನೂ ಸುಲಭವಾಗಿಲ್ಲ.

ರಾತ್ರಿ ಬಿಡುವ ಎಣ್ಣೆ

ಮುಳುಗುವ ಹಡಗಿನ ಸುದ್ದಿ ಹೇಗೂ ಗೊತ್ತಾಗುತ್ತದೆ. ಯಾರಿಗೂ ಹೇಳದೆ ಬಿಡುವ ಎಣ್ಣೆಯದು ಬೇರೆಯೇ ಕಥೆ. ಹಡಗಿನ ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ನೀರು ಸೇರುತ್ತಲೇ ಇರುತ್ತದೆ, ಇದಕ್ಕೆ ಬಿಲ್ಜ್ ನೀರು ಎನ್ನುತ್ತಾರೆ. ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮದ ಪ್ರಕಾರ ಇದನ್ನು ಸೋಸಿ, ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆ 15 ಪಾಲಿಗಿಂತ ಹೆಚ್ಚಿಲ್ಲದಂತೆ ಮಾಡಿಯೇ ಕಡಲಿಗೆ ಬಿಡಬೇಕು. ಸೋಸುವುದಕ್ಕೆ ಖರ್ಚಿದೆ, ಬಂದರಿನಲ್ಲಿ ಒಪ್ಪಿಸಿದರೆ ಅದಕ್ಕೂ ದುಡ್ಡು. ಕೆಲವರು ಸೋಸುವ ಯಂತ್ರವನ್ನೇ ಬಳಸಿ ಹೋಗುವ ಒಂದು ಪೈಪ್ ಜೋಡಿಸಿ ಕತ್ತಲಲ್ಲಿ ಸೀದಾ ಕಡಲಿಗೆ ಬಿಡುತ್ತಾರೆ. ಹಡಗಿನವರ ಭಾಷೆಯಲ್ಲಿ ಇದು ‘ಮ್ಯಾಜಿಕ್ ಪೈಪ್’. 2013ರಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಐಷಾರಾಮಿ ಹಡಗಿಗೆ ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್ ಇಂಥ ಪೈಪ್ ನೋಡಿ, ಕೆಲಸ ಬಿಟ್ಟು ಇಳಿದು, ಬ್ರಿಟನ್ನಿನ ಅಧಿಕಾರಿಗಳಿಗೆ ವರದಿ ಮಾಡಿದ. ಕಂಪನಿ 2016ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಆ ಹುಡುಗನ ಜಾಗದಲ್ಲಿ ನಾವಿದ್ದಿದ್ದರೆ ಅಂತ ಯೋಚಿಸಿದರೆ ಉತ್ತರ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಎಲ್ಲ ಹಡಗಿನಲ್ಲೂ ಅಂಥವರು ಇರುವುದಿಲ್ಲವಾದ್ದರಿಂದ ಮೇಲಿಂದ ನೋಡುವವರು ಬೇಕು. ಸೆಂಟಿನೆಲ್-1 ಭೂಮಿಯ ಯಾವುದೇ ಜಾಗವನ್ನು ಹಾಯುವುದು ಸ್ಥಳೀಯ ಸಮಯ ಬೆಳಿಗ್ಗೆ ಮತ್ತು ಸಂಜೆ 6ರ ಸುಮಾರಿಗೆ. ರಾತ್ರಿ ಬಿಟ್ಟ ಎಣ್ಣೆಯ ಬಾಲ ಬೆಳಗಿನ ಚಿತ್ರದಲ್ಲಿ ಇನ್ನೂ ಹಸಿಯಾಗಿರುತ್ತದೆ. ಹಡಗುಗಳು ತಾವೆಲ್ಲಿದ್ದೇವೆಂದು ಪ್ರಸಾರ ಮಾಡುವ ಎಐಎಸ್ ಸಂಕೇತಗಳನ್ನು ಆ ಚಿತ್ರದ ಮೇಲೆ ಕೂರಿಸಿ, ಗಾಳಿ-ಪ್ರವಾಹದ ಲೆಕ್ಕ ಹಿಂದಕ್ಕೆ ಓಡಿಸಿದರೆ ಆ ಗೆರೆಯ ಮೇಲೆ ಆ ಹೊತ್ತಿಗೆ ಯಾವ ಹಡಗಿತ್ತು ಅನ್ನುವುದು ಸಿಗುತ್ತದೆ. ಯುರೋಪಿನಲ್ಲಿ 2007ರಿಂದ ನಡೆಯುತ್ತಿರುವ ಕ್ಲೀನ್‌ಸೀನೆಟ್ ಸೇವೆ ಇದನ್ನೇ ಮಾಡುತ್ತದೆ. ಉಪಗ್ರಹ ಹಾದುಹೋದ ಅರ್ಧ ಗಂಟೆಯೊಳಗೆ ಸಂಬಂಧಪಟ್ಟ ದೇಶಕ್ಕೆ ಎಚ್ಚರಿಕೆ ಕಳಿಸುವುದು ಅದರ ಗುರಿ. ಆದರೂ ರಾಡಾರ್ ಚಿತ್ರ ಒಂದೇ ಸಾಕ್ಷಿಯಾಗುವುದು ಕಷ್ಟ. ವಿಮಾನ ಕಳಿಸಿ ಖಚಿತ ಮಾಡಿಕೊಂಡು, ಮುಂದಿನ ಬಂದರಿನಲ್ಲಿ ಹಡಗಿನ ದಾಖಲೆ ಪುಸ್ತಕ ತೆರೆಸಬೇಕು.

ಈ ಮುಚ್ಚಿಟ್ಟ ಎಣ್ಣೆ ಎಷ್ಟು ಅನ್ನುವುದಕ್ಕೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೋಡಬೇಕು. 2014ರಿಂದ 2019ರವರೆಗಿನ 5.6 ಲಕ್ಷಕ್ಕೂ ಹೆಚ್ಚು ಸೆಂಟಿನೆಲ್-1 ಚಿತ್ರಗಳನ್ನು ಜಾಲಾಡಿದ ಆ ತಂಡದ ಪ್ರಕಾರ ಕಡಲ ಮೇಲಿನ ಎಣ್ಣೆ ಪದರಗಳಲ್ಲಿ ಶೇ. 94ರಷ್ಟು ಮನುಷ್ಯರದ್ದೇ. ಕಡಲತಳದಿಂದ ತಾನಾಗಿ ಒಸರುವ ಎಣ್ಣೆಯೇ ಹೆಚ್ಚುಕಡಿಮೆ ಅರ್ಧದಷ್ಟು ಎಂಬ ಹಳೆಯ ಅಂದಾಜು ಇದರಿಂದ ತಲೆಕೆಳಗಾಯಿತು. ಶೇ. 90ರಷ್ಟು ಪದರಗಳು ಇರುವುದು ತೀರದಿಂದ 160 ಕಿಲೋಮೀಟರ್ ಒಳಗೆ. ಅಂದರೆ ಮೀನು ಹಿಡಿಯುವ ಕಡೆಯೇ.

ಕಾರವಾರದಿಂದ ಗೋವಾದವರೆಗೆ ಬೇಸಿಗೆ ಮುಗಿಯುವ ಹೊತ್ತಿಗೆ ಮರಳಿನ ಮೇಲೆ ಕಪ್ಪು ಡಾಂಬರಿನ ಉಂಡೆಗಳು ಬಂದು ಬೀಳುವುದನ್ನು ನೋಡಿದವರು ಇರಬಹುದು. ಕಾಲಿಗೆ ಅಂಟಿದರೆ ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಯೋ ಕೊಬ್ಬರಿ ಎಣ್ಣೆಯೋ ಬೇಕು. ಎಲ್ಲೋ ದೂರದಲ್ಲಿ ಬಿಟ್ಟ ಎಣ್ಣೆಯ ಹಗುರ ಭಾಗ ಆವಿಯಾಗಿ, ಉಳಿದದ್ದು ನೀರು-ಮರಳು ಬೆರೆತು ಗಟ್ಟಿಯಾಗಿ, ನೈಋತ್ಯದ ಗಾಳಿ ಶುರುವಾದಾಗ ದಡಕ್ಕೆ ಬರುತ್ತದೆ. ಉಂಡೆ ಬಿದ್ದ ದಿನ ಫೋಟೋ ತೆಗೆದು ಪ್ರಯೋಜನವಿಲ್ಲ. ಬಿಟ್ಟ ಹಡಗು ಅಷ್ಟರಲ್ಲಿ ಯಾವ ಖಂಡದಲ್ಲಿರುತ್ತದೋ!

ಮತ್ತೆ ಆ ತಿಂಗಳುಗಳು

ಈಗ ಮೊದಲಿಗೆ ನೆನಪಿಟ್ಟುಕೊಳ್ಳಿ ಎಂದಿದ್ದ ತಿಂಗಳುಗಳಿಗೆ ಬರೋಣ. ರಾಡಾರಿಗೆ ಎಣ್ಣೆ ಕಾಣಬೇಕಾದರೆ ಗಾಳಿ ಹದವಾಗಿರಬೇಕು. ಸೆಕೆಂಡಿಗೆ 2-3 ಮೀಟರ್‌ಗಿಂತ ಕಡಿಮೆಯಾದರೆ ಸುಕ್ಕೇ ಇಲ್ಲ, ಎಲ್ಲ ಕಪ್ಪು. 10-12 ಮೀಟರ್ ದಾಟಿತೆಂದರೆ ಅಲೆಗಳು ಒಡೆದು ಎಣ್ಣೆಯನ್ನು ಹನಿಹನಿ ಮಾಡಿ ನೀರೊಳಗೆ ಕಲಸಿಬಿಡುತ್ತವೆ. ಮೇಲೆ ಉಳಿದ ಚೂರುಪಾರು ಪೊರೆಯೂ ಗಾಳಿ ಎಬ್ಬಿಸುವ ಸುಕ್ಕನ್ನು ತಡೆಯಲಾರದು. ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಎಣ್ಣೆ ಮಾತ್ರ ಅಲ್ಲೇ ಇರುತ್ತದೆ, ಗಾಳಿ ಇಳಿದಾಗ ಮತ್ತೆ ಮೇಲೇಳುತ್ತದೆ.

ನಮ್ಮ ಕರಾವಳಿಯ ಹಡಗುಗಳು ಮುಳುಗುವುದು ಮುಂಗಾರಿನಲ್ಲಿ. ಮುಂಗಾರಿನಲ್ಲಿ ಮೋಡದಿಂದಾಗಿ ಕ್ಯಾಮೆರಾ ಕುರುಡು, ಗಾಳಿಯಿಂದಾಗಿ ರಾಡಾರ್ ಮಬ್ಬು. ಎಲ್ಸಾ 3 ವಾಲಿದ ಮೇ 24ರಂದೇ ಆ ವರ್ಷದ ಮುಂಗಾರು ಕೇರಳ ಮುಟ್ಟಿದ್ದು, ವಾಡಿಕೆಗಿಂತ ಎಂಟು ದಿನ ಮೊದಲು. ಮೋಡವನ್ನು ಭೇದಿಸಿ ನೋಡುತ್ತದೆ ಎಂದು ರಾಡಾರನ್ನು ಹೊಗಳುವ ಲೇಖನಗಳು ಈ ಇನ್ನೊಂದು ಮಗ್ಗುಲನ್ನು ಹೇಳುವುದೇ ಇಲ್ಲ. ಮಳೆ ಬಿಡುವು ಕೊಟ್ಟು ಗಾಳಿ ಇಳಿದ ದಿನ ಉಪಗ್ರಹ ನಮ್ಮ ಮೇಲೆ ಹಾಯಬೇಕು. ಒಂದೇ ಸೆಂಟಿನೆಲ್ ಅದೇ ದಾರಿಗೆ ಮರಳಲು 12 ದಿನ, ಜೋಡಿ ಇದ್ದರೆ 6 ದಿನ. ದಿನಕ್ಕೆ 26 ಕಿಲೋಮೀಟರ್ ಜಾರುವ ಎಣ್ಣೆಯ ಮುಂದೆ 6 ದಿನ ಅಂದರೆ ಬಹಳ ಆಯಿತು.

ಇದಕ್ಕೆ ಮದ್ದು ಹೆಚ್ಚು ಉಪಗ್ರಹಗಳು, ಬೇರೆ ಬೇರೆ ತರಂಗದೂರಗಳು, ಜೊತೆಗೆ ವಿಮಾನ. ಇಸ್ರೋ 2012ರಲ್ಲಿ ಹಾರಿಸಿದ ರಿಸ್ಯಾಟ್-1, ಅದರ ನಂತರ 2022ರ ಫೆಬ್ರವರಿಯಲ್ಲಿ ಹಾರಿದ ಇಒಎಸ್-04 ಎರಡೂ ಸೆಂಟಿನೆಲ್‌ನಂತೆಯೇ ಸಿ-ಬ್ಯಾಂಡ್ ರಾಡಾರಿನವು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಏರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನಲ್ಲಿ ಎರಡು ರಾಡಾರ್‌ಗಳಿವೆ: ಸುಮಾರು 24 ಸೆಂಟಿಮೀಟರಿನದು ನಾಸಾದ್ದು, 9 ಸೆಂಟಿಮೀಟರಿನ ಆಸುಪಾಸಿನದು ಇಸ್ರೋದ್ದು. ಬ್ರ್ಯಾಗ್ ಲೆಕ್ಕ ಮತ್ತೆ ಮಾಡಿದರೆ 35 ಡಿಗ್ರಿಯಲ್ಲಿ ಇವು ನೋಡುವ ಸುಕ್ಕುಗಳು ಹತ್ತಿರ ಹತ್ತಿರ 21 ಮತ್ತು 8 ಸೆಂಟಿಮೀಟರ್. ಒಂದೇ ಕಲೆಯನ್ನು ಮೂರು ಉದ್ದದ ಸುಕ್ಕುಗಳಲ್ಲಿ ನೋಡಿ, ಯಾವುದು ಎಷ್ಟು ಅಡಗಿದೆ ಎಂದು ಹೋಲಿಸಿದರೆ ಜೀವಿಗಳ ಜಿಡ್ಡು ಯಾವುದು, ದಪ್ಪ ಎಣ್ಣೆ ಯಾವುದು ಅನ್ನುವುದಕ್ಕೆ ಸುಳಿವು ಸಿಗಬಹುದು. ಆದರೆ ನಿಸಾರ್‌ನ ಮುಖ್ಯ ಕೆಲಸ ನೆಲ ಮತ್ತು ಹಿಮ. ಕಡಲು ಅದಕ್ಕೆ ಎರಡನೆಯದು.

ನಮ್ಮಲ್ಲಿ ಎಣ್ಣೆ ಸೋರಿಕೆಗೆ ಹೊಣೆ ಹೊತ್ತಿರುವುದು ಕೋಸ್ಟ್ ಗಾರ್ಡ್. ಎಣ್ಣೆ ಎತ್ತ ಹೋಗಬಹುದೆಂದು ಗಾಳಿ, ಪ್ರವಾಹದ ಮಾದರಿಗಳಿಂದ ಲೆಕ್ಕ ಹಾಕಿ ಕೊಡುವುದು ಹೈದರಾಬಾದಿನ ಇನ್ಕಾಯಿಸ್. ರಾಷ್ಟ್ರೀಯ ಯೋಜನೆಯ ಪ್ರಕಾರ 700 ಟನ್‌ವರೆಗಿನ ಸೋರಿಕೆ ಮೊದಲನೇ, ಅಂದರೆ ಅತಿ ಸಣ್ಣ ಹಂತದ್ದು. ಓಷನ್ ಸೆರಾಯಾದ 650 ಟನ್ ಆ ಲೆಕ್ಕದಲ್ಲಿ ಸಣ್ಣದು. 2017ರ ಜನವರಿಯಲ್ಲಿ ಚೆನ್ನೈನ ಎಣ್ಣೂರಿನ ಹತ್ತಿರ ಎರಡು ಹಡಗು ಡಿಕ್ಕಿಯಾಗಿ ಸೋರಿದ್ದೂ ಕಾಗದದ ಮೇಲೆ ಸಣ್ಣದೇ. ಅಲ್ಲಿ ಸ್ವಯಂಸೇವಕರು ಬಕೆಟ್ ಹಿಡಿದು ಕೈಯಿಂದ ಕಪ್ಪು ಕೆಸರು ಮೊಗೆಯುತ್ತಿದ್ದ ಚಿತ್ರಗಳನ್ನು ನೋಡಿದವರಿಗೆ ‘ಸಣ್ಣದು’ ಅನ್ನುವ ಪದದ ಅರ್ಥವೇ ಬೇರೆಯಾಗಿ ಕೇಳುತ್ತದೆ. ನಮ್ಮ ಕಡೆ ಮಂಗಳೂರಿನ ಆಚೆ ಕಡಲಲ್ಲಿ ತೇಲುವ ಬಾಯಿಯೊಂದಕ್ಕೆ ದೊಡ್ಡ ಟ್ಯಾಂಕರುಗಳು ಕಚ್ಚಾ ತೈಲ ಇಳಿಸುತ್ತವೆ. ಮಂಗಳೂರು ಮತ್ತು ಪಾದೂರಿನ ಬಂಡೆಯೊಳಗಿನ ಗುಹೆಗಳಲ್ಲಿ ಒಟ್ಟು 40 ಲಕ್ಷ ಟನ್ ತುಂಬಿಡಲು ಜಾಗ ಇದೆ. ಟ್ಯಾಂಕರುಗಳ ಓಡಾಟ ಕಡಿಮೆಯಾಗುವ ಲಕ್ಷಣ ಇಲ್ಲ.

ಕೈಯಾಡಿಸಬೇಕು ಅನ್ನಿಸಿದವರಿಗೆ ಒಂದು ದಾರಿ ಹೇಳಿಬಿಡುತ್ತೇವೆ. ಯುರೋಪಿನ ಕೋಪರ್ನಿಕಸ್ ಜಾಲತಾಣದಲ್ಲಿ ಖಾತೆ ತೆರೆದರೆ ಸೆಂಟಿನೆಲ್-1 ಚಿತ್ರಗಳು ಸಿಗುತ್ತವೆ. ‘ಸ್ನ್ಯಾಪ್’ ಎಂಬ ಉಚಿತ ತಂತ್ರಾಂಶದಲ್ಲಿ ಎಣ್ಣೆ ಪತ್ತೆಗೆಂದೇ ಒಂದು ಉಪಕರಣ ಇದೆ: ಮಾಪನಾಂಕ ಸರಿಪಡಿಸಿ, ಉಪ್ಪು-ಮೆಣಸು ಚೆಲ್ಲಿದಂತಿರುವ ಗದ್ದಲವನ್ನು ಸೋಸಿ, ನೆಲವನ್ನು ಮರೆಮಾಡಿ, ಸುತ್ತಲಿನ ನೀರಿಗಿಂತ ಇಂತಿಷ್ಟು ಡೆಸಿಬೆಲ್ ಕಪ್ಪಾಗಿರುವುದನ್ನು ಗುರುತಿಸುತ್ತದೆ. ವಿವಿ ಧ್ರುವೀಕರಣದ ಚಿತ್ರವನ್ನೇ ತೆಗೆದುಕೊಳ್ಳಿ, ಕಡಲು ಅದರಲ್ಲೇ ಚೆನ್ನಾಗಿ ಬೆಳಗುವುದು. ಫೈಲುಗಳು ಗಿಗಾಬೈಟ್ ಲೆಕ್ಕದಲ್ಲಿರುತ್ತವೆ, ಹಾಸ್ಟೆಲ್ ವೈಫೈಯನ್ನು ನಂಬಿ ಕೂರಬೇಡಿ. ಮೊದಲಿಗೆ ಮುಂಬೈ ಆಚೆಯ ತೈಲಬಾವಿಗಳ ಸುತ್ತಲಿನ ಫೆಬ್ರವರಿ-ಮಾರ್ಚ್ ತಿಂಗಳ ಚಿತ್ರ ತೆರೆಯಿರಿ: ಗಾಳಿ ಹದವಾಗಿರುತ್ತದೆ, ಬಾವಿಗಳು ಸಾಲು ಚುಕ್ಕೆಗಳಾಗಿ ಹೊಳೆಯುತ್ತವೆ. ಅದರಲ್ಲಿ ಕಣ್ಣು ಪಳಗಿದ ಮೇಲೆ ಕಾರವಾರದ ಎದುರಿನ ಜೂನ್ ತಿಂಗಳ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ.